ಪಿಎಚ್.ಡಿ. ಆದ ಮೇಲೆ: ಪೋಸ್ಟ್‌ಡಾಕ್ ಹುದ್ದೆಯ ಪ್ರಕಟಣೆಯನ್ನು ಓದುವ ಬಗೆ



ಇಂದು ನನಗೆ ವಹಿಸಿರುವ ವಿಷಯ ವಿಶ್ವವಿದ್ಯಾನಿಲಯಗಳಲ್ಲಿ ದೊರೆಯುವ ಪೋಸ್ಟ್‌ಡಾಕ್ ಹುದ್ದೆಗಳು. ಈ ಪದಕ್ಕೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ. 'ಡಾಕ್ಟರೇಟ್ ನಂತರದ ಸಂಶೋಧಕ' ಎಂದರೆ ಉದ್ದವಾಗುತ್ತದೆ, ಅರ್ಥವೂ ಪೂರ್ತಿ ಬರುವುದಿಲ್ಲ. ಊರಿಗೆ ದೂರವಾಣಿ ಮಾಡಿದಾಗ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಪಿಎಚ್.ಡಿ. ಮುಗಿಯಿತಲ್ಲ, ಇನ್ನೂ ಏನು ಓದುತ್ತಿದ್ದೀಯಪ್ಪ?" ಇದು ಓದಲ್ಲ, ಸಂಬಳ ಬರುತ್ತದೆ ಎಂದರೆ, "ಹಾಗಾದರೆ ಕೆಲಸ ಖಾಯಂ ಆಯಿತೆ?" ಎನ್ನುತ್ತಾರೆ. ಖಾಯಂ ಅಲ್ಲ ಎಂದಾಗ ಆ ಕಡೆ ಒಂದು ಮೌನ. ಆ ಮೌನದಲ್ಲಿರುವ ಅನುಮಾನ ನ್ಯಾಯವಾದದ್ದೇ. ಇಪ್ಪತ್ತೆಂಟರಿಂದ ಮೂವತ್ತನಾಲ್ಕರವರೆಗಿನ ವಯಸ್ಸು, ಮದುವೆ, ಮಕ್ಕಳು, ಮನೆ ಎಲ್ಲವೂ ಕೂಡಿಬರುವ ಕಾಲ, ಈ ಹುದ್ದೆಯಲ್ಲಿ ಕಳೆಯುತ್ತದೆ. ಆದ್ದರಿಂದ ಹುದ್ದೆಯ ಪ್ರಕಟಣೆಯಲ್ಲಿ ಅಚ್ಚಾಗಿರುವುದೇನು, ಅಚ್ಚಾಗದೆ ಉಳಿದಿರುವುದೇನು ಎಂಬುದನ್ನು ತಿಳಿದು ಒಪ್ಪಿಕೊಳ್ಳಬೇಕು. ನನ್ನ ಮಾತೆಲ್ಲ ಇದರ ಸುತ್ತಲೇ.

ಈ ಪದ್ಧತಿ ಹುಟ್ಟಿದ್ದು ನಮಗೆ ದೂರದ ಊರಿನಲ್ಲೇನೂ ಅಲ್ಲ. 1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಪ್ರಾರಂಭವಾದಾಗ ಇಪ್ಪತ್ತು ಮಂದಿಗೆ ಸಂಶೋಧನಾ ವೇತನ ಕೊಟ್ಟಿತು. ಅವರಲ್ಲಿ ಕೆಲವರು ಆಗಲೇ ಡಾಕ್ಟರೇಟ್ ಪಡೆದವರು. 1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ರಾಷ್ಟ್ರೀಯ ಸಂಶೋಧನಾ ಮಂಡಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಲ್ಲಿ ಇಂತಹ ವೇತನಗಳನ್ನು ಸ್ಥಾಪಿಸಿತು. ಆಗ ಅದು ಆಯ್ದ ಕೆಲವರಿಗೆ ಸಲ್ಲುವ ಗೌರವವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಕೇಂದ್ರ ಸರ್ಕಾರದ ಹಣ ಪ್ರಯೋಗಶಾಲೆಗಳಿಗೆ ಹರಿದು ಬಂದಂತೆ ಗೌರವ ಹೋಗಿ ಕೆಲಸವಾಯಿತು. ಇಂದು ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿ ದಿನನಿತ್ಯದ ಸಂಶೋಧನೆಯ ಬಹುಪಾಲು ಹೊರೆ ಹೊರುವವರು ಪೋಸ್ಟ್‌ಡಾಕ್‌ಗಳೂ ವಿದ್ಯಾರ್ಥಿಗಳೂ.

ನಾವಿರುವ ಈ ಸೀಮೆಯನ್ನೇ ನೋಡಿ. ಅಟ್ಲಾಂಟಾದಿಂದ ಐ-85 ಹಿಡಿದು ಉತ್ತರಕ್ಕೆ ಹೊರಟರೆ, ಎಮೊರಿ ಮತ್ತು ಜಾರ್ಜಿಯಾ ಟೆಕ್ ಬಿಟ್ಟು ಬಂದಿರುತ್ತೇವೆ. ಎಮೊರಿಯ ಪಕ್ಕದಲ್ಲೇ, ಕ್ಲಿಫ್ಟನ್ ರಸ್ತೆಯಲ್ಲಿ, ರೋಗ ನಿಯಂತ್ರಣ ಕೇಂದ್ರ. ದಕ್ಷಿಣ ಕೆರೊಲೈನಾದಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ಕ್ಲೆಮ್ಸನ್. ಶಾರ್ಲಟ್ ದಾಟಿ ಮುಂದೆ ಹೋದರೆ ಡರ್ಹಮ್‌ನಲ್ಲಿ ಡ್ಯೂಕ್, ನೆರೆಯ ಚಾಪೆಲ್ ಹಿಲ್‌ನಲ್ಲಿ ಉತ್ತರ ಕೆರೊಲೈನಾ ವಿಶ್ವವಿದ್ಯಾನಿಲಯ, ರಾಲಿಯಲ್ಲಿ ಸ್ಟೇಟ್. ಈ ಮೂರರ ನಡುವೆ 1959ರಲ್ಲಿ ಆರಂಭವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್. ಪೀಟರ್ಸ್‌ಬರ್ಗ್‌ನಲ್ಲಿ ಐ-95 ಸೇರಿ ವಾಷಿಂಗ್ಟನ್ ತಲುಪಿದರೆ ಬೆತೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್.ಐ.ಎಚ್., ಕಾಲೇಜ್ ಪಾರ್ಕ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ, ಗ್ರೀನ್‌ಬೆಲ್ಟ್‌ನಲ್ಲಿ ನಾಸಾದ ಗಾಡರ್ಡ್ ಕೇಂದ್ರ. ಒಂದು ದಿನದ ಕಾರು ಪ್ರಯಾಣದೊಳಗೆ ಇಷ್ಟು ಬಾಗಿಲುಗಳು. ಬೆಂಗಳೂರು, ಮೈಸೂರು, ಧಾರವಾಡಗಳಿಂದ ಬಂದ ತರುಣರು ಇವುಗಳಲ್ಲಿ ಒಂದಲ್ಲ ಒಂದನ್ನು ತಟ್ಟುತ್ತಲೇ ಇರುತ್ತಾರೆ.

ಇನ್ನು ಪ್ರಕಟಣೆಯ ಭಾಷೆ. ಅದರಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಇರುತ್ತದೆ: ಮೊದಲ ನೇಮಕ ಒಂದು ವರ್ಷಕ್ಕೆ, ಕೆಲಸ ತೃಪ್ತಿಕರವಾಗಿದ್ದು ಹಣ ಲಭ್ಯವಿದ್ದಲ್ಲಿ ಮುಂದುವರಿಸಲಾಗುವುದು. ನಮ್ಮ ಹುಡುಗರು ಇದರ ಮೊದಲರ್ಧವನ್ನು ಓದಿ, ಚೆನ್ನಾಗಿ ದುಡಿದರೆ ಆಯಿತು ಎಂದುಕೊಳ್ಳುತ್ತಾರೆ. ತೂಕವಿರುವುದು ಎರಡನೆಯ ಅರ್ಧದಲ್ಲಿ. ಪ್ರಾಧ್ಯಾಪಕರ ಅನುದಾನ ಐದು ವರ್ಷದ್ದಾಗಿದ್ದು ಅದರಲ್ಲಿ ನಾಲ್ಕು ಆಗಲೇ ಮುಗಿದಿದ್ದರೆ, ಎಷ್ಟು ಚೆನ್ನಾಗಿ ದುಡಿದರೂ ಮುಂದಿನ ವರ್ಷದ ಸಂಬಳ ಇನ್ನೂ ಮಂಜೂರಾಗದ ಅರ್ಜಿಯೊಂದರ ಮೇಲೆ ನಿಂತಿರುತ್ತದೆ. "ಈ ಹುದ್ದೆಗೆ ಹಣ ಎಲ್ಲಿಂದ, ಎಂದಿನವರೆಗೆ?" ಎಂದು ಸಂದರ್ಶನದಲ್ಲಿ ಕೇಳುವುದು ಅವಿನಯವಲ್ಲ. ನಮ್ಮಲ್ಲಿ ಗುರುಗಳ ಮುಂದೆ ದುಡ್ಡಿನ ಮಾತೆತ್ತುವುದು ಸಲ್ಲದೆಂಬ ಸಂಸ್ಕಾರವಿದೆ. ಇಲ್ಲಿ ಕೇಳದಿದ್ದವನನ್ನೇ ವ್ಯವಹಾರ ತಿಳಿಯದವನೆಂದು ಭಾವಿಸುತ್ತಾರೆ.

ಸಂಬಳದ ಬಗ್ಗೆ ಎರಡು ಅಂಕಿಗಳು ಸಾಕು. ಅನೇಕ ವಿಶ್ವವಿದ್ಯಾನಿಲಯಗಳು ಮಾದರಿಯಾಗಿ ಇಟ್ಟುಕೊಳ್ಳುವ ಎನ್.ಐ.ಎಚ್. ಸಂಶೋಧನಾ ವೇತನದ ಮೊದಲ ಮೆಟ್ಟಿಲು 1999ರ ಆರ್ಥಿಕ ವರ್ಷದಲ್ಲಿ ವರ್ಷಕ್ಕೆ 26,256 ಡಾಲರ್ ಇತ್ತು. 2024ರಲ್ಲಿ ಅದು 61,008 ಡಾಲರ್ ಆಯಿತು. ಅದೇ 61,000 ಡಾಲರ್ ಬೆತೆಸ್ಡಾದಲ್ಲಿ ಬಾಡಿಗೆ ಕಟ್ಟುವವನಿಗೆ ಒಂದು, ಕ್ಲೆಮ್ಸನ್‌ನಲ್ಲಿ ಕಟ್ಟುವವನಿಗೆ ಇನ್ನೊಂದು. ಏರಿಕೆ ತಾನಾಗಿ ಬಂದದ್ದೂ ಅಲ್ಲ. 2000ದಲ್ಲಿ ರಾಷ್ಟ್ರೀಯ ಅಕಾಡೆಮಿಗಳು ಪೋಸ್ಟ್‌ಡಾಕ್‌ಗಳ ಸ್ಥಿತಿಗತಿಯನ್ನು ಕುರಿತು ವರದಿ ಹೊರಡಿಸಿದವು. 2003ರಲ್ಲಿ ರಾಷ್ಟ್ರೀಯ ಪೋಸ್ಟ್‌ಡಾಕ್ ಸಂಘ ಸ್ಥಾಪನೆಯಾಯಿತು. 2023ರ ಡಿಸೆಂಬರ್‌ನಲ್ಲಿ ಎನ್.ಐ.ಎಚ್.ನ ತರುಣ ಸಂಶೋಧಕರು ಕಾರ್ಮಿಕ ಸಂಘಕ್ಕೆ ಮತ ನೀಡಿದರು.

ಆದರೂ ಹುದ್ದೆಯ ಬೆಲೆಯನ್ನು ನಿರ್ಧರಿಸುವುದು ಸಂಬಳವಲ್ಲ, ಪ್ರಾಧ್ಯಾಪಕ. ಇದಕ್ಕೆ ನಮ್ಮ ನೆರೆಹೊರೆಯಿಂದಲೇ ಮೂರು ದೃಷ್ಟಾಂತಗಳನ್ನು ಕೊಡುತ್ತೇನೆ.

1960ರಲ್ಲಿ ಜರ್ಮನಿಯ ಬಾನ್‌ನಿಂದ ಹೈನ್ರಿಶ್ ಮಾಥಾಯ್ ಎಂಬ ತರುಣ ಬೆತೆಸ್ಡಾಕ್ಕೆ ಪೋಸ್ಟ್‌ಡಾಕ್ ಆಗಿ ಬಂದ. ಅವನು ಸೇರಿದ್ದು ಮಾರ್ಷಲ್ ನೈರೆನ್‌ಬರ್ಗ್ ಎಂಬ, ಆಗ ಅಷ್ಟೇನೂ ಹೆಸರಿಲ್ಲದ ವಿಜ್ಞಾನಿಯ ಪ್ರಯೋಗಶಾಲೆಯನ್ನು. ಜೀವಕೋಶ ಪ್ರೋಟೀನನ್ನು ಕಟ್ಟಲು ಬೇಕಾದ ಆದೇಶವನ್ನು ಆರ್.ಎನ್.ಎ. ಯಾವ ಲಿಪಿಯಲ್ಲಿ ಒಯ್ಯುತ್ತದೆ ಎಂಬುದು ಅಂದಿನ ದೊಡ್ಡ ಸಮಸ್ಯೆ. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಕೃತಕ ಆರ್.ಎನ್.ಎ.ಯನ್ನು ಜೀವಕೋಶದ ರಸಕ್ಕೆ ಸೇರಿಸಿ, ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಯಾವುದು ಪ್ರೋಟೀನಿಗೆ ಸೇರುತ್ತದೆಂದು ನೋಡುವುದು ಅವರ ಉಪಾಯ. 1961ರ ಮೇ 27ರ ಬೆಳಗಿನ ಜಾವ ಮಾಥಾಯ್‌ಗೆ ಉತ್ತರ ಸಿಕ್ಕಿತು: ಫಿನೈಲ್‌ಅಲನೀನ್. ತಳಿಲಿಪಿಯ ಮೊದಲ ಪದವನ್ನು ಮನುಷ್ಯ ಓದಿದ್ದು ಅಂದು. ನೈರೆನ್‌ಬರ್ಗ್ ಆ ಹೊತ್ತಿನಲ್ಲಿ ಊರಲ್ಲಿರಲಿಲ್ಲ, ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು. ಪ್ರಬಂಧಗಳು ಇಬ್ಬರ ಹೆಸರಿನಲ್ಲೂ ಅಚ್ಚಾದವು. 1968ರ ನೊಬೆಲ್ ಬಹುಮಾನ ನೈರೆನ್‌ಬರ್ಗ್, ನಮ್ಮ ಖೊರಾನಾ ಮತ್ತು ಹಾಲಿ ಅವರಿಗೆ ಬಂತು, ಮಾಥಾಯ್‌ಗೆ ಬರಲಿಲ್ಲ. ಇದರಲ್ಲಿ ಯಾರದೂ ಮೋಸವಿಲ್ಲ. ಪ್ರಶ್ನೆಯನ್ನು ಎತ್ತಿಕೊಂಡವರು, ಮುಂದಿನ ವರ್ಷಗಳಲ್ಲಿ ಲಿಪಿಯ ಉಳಿದ ಪದಗಳನ್ನು ಬಿಡಿಸಿದ ತಂಡವನ್ನು ನಡೆಸಿದವರು ನೈರೆನ್‌ಬರ್ಗ್. ಪೋಸ್ಟ್‌ಡಾಕ್‌ನ ಸ್ಥಾನ ಎಂತಹುದೆಂದು ಇದು ತಿಳಿಸುತ್ತದೆ: ರಾತ್ರಿ ಕುಳಿತು ಪ್ರಯೋಗ ಮಾಡುವವನು ಅವನು, ಪ್ರಯೋಗಶಾಲೆ ಇನ್ನೊಬ್ಬರದು.

ಎರಡನೆಯದು ಡ್ಯೂಕ್‌ನದು. 1984ರಲ್ಲಿ ಬ್ರಯಾನ್ ಕೊಬಿಲ್ಕಾ ಎಂಬ ತರುಣ ವೈದ್ಯ ರಾಬರ್ಟ್ ಲೆಫ್ಕೊವಿಟ್ಸ್ ಅವರ ಪ್ರಯೋಗಶಾಲೆಗೆ ಸೇರಿದ. ಅಡ್ರಿನಲೀನ್ ಹಾರ್ಮೋನು ಬಂದು ಕೂರುವ ಗ್ರಾಹಕದ ತಳಿಯನ್ನು ಅಲ್ಲಿ ಬೇರ್ಪಡಿಸಿದರು. 1986ರಲ್ಲಿ ಅದು ಪ್ರಕಟವಾಯಿತು. ಕೊಬಿಲ್ಕಾ ಸ್ಟ್ಯಾನ್‌ಫರ್ಡ್‌ಗೆ ಹೋದಾಗ ಅದೇ ಗ್ರಾಹಕವನ್ನು ತನ್ನ ವಿಷಯವಾಗಿ ಜೊತೆಗೆ ಒಯ್ದ. ಅದರ ರಚನೆಯನ್ನು ಬಿಡಿಸಲು ಇಪ್ಪತ್ತು ವರ್ಷ ಹಿಡಿಯಿತು. 2012ರ ರಸಾಯನಶಾಸ್ತ್ರದ ನೊಬೆಲ್ ಗುರು ಶಿಷ್ಯರಿಬ್ಬರಿಗೂ ಹಂಚಿಕೆಯಾಯಿತು. ಆದ್ದರಿಂದ ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ನನ್ನ ಮಟ್ಟಿಗೆ ಇದು: "ನಾನು ಇಲ್ಲಿಂದ ಹೊರಡುವಾಗ ಈ ಕೆಲಸದ ಯಾವ ಭಾಗವನ್ನು ನನ್ನದಾಗಿ ತೆಗೆದುಕೊಂಡು ಹೋಗಬಹುದು?" ಪ್ರಾಧ್ಯಾಪಕರು ಸ್ಪಷ್ಟವಾಗಿ ಉತ್ತರಿಸಿದರೆ ಒಳ್ಳೆಯದು. ಉತ್ತರ ಹಾರಿಕೆಯದಾದರೆ ಅದೂ ಒಂದು ಉತ್ತರವೇ.

ಮೂರನೆಯವರು ಚಾಪೆಲ್ ಹಿಲ್‌ನ ಅಜೀಜ್ ಸಂಜಾರ್, ಟರ್ಕಿಯಿಂದ ಬಂದವರು. 1977ರಲ್ಲಿ ಡಲ್ಲಾಸ್‌ನಲ್ಲಿ ಪಿಎಚ್.ಡಿ. ಮುಗಿಸಿ ಮೂರು ಕಡೆ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕಿದರು. ಮೂರು ಕಡೆಯಿಂದಲೂ ಇಲ್ಲವೆಂಬ ಉತ್ತರ. ಯೇಲ್‌ನಲ್ಲಿ ಪ್ರಯೋಗಶಾಲೆಯ ತಂತ್ರಜ್ಞನ ಕೆಲಸಕ್ಕೆ ಸೇರಿ, ಡಿ.ಎನ್.ಎ. ತನ್ನ ಗಾಯವನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಬಗೆಯನ್ನು ಅಲ್ಲಿ ಶೋಧಿಸತೊಡಗಿದರು. 1982ರಲ್ಲಿ ಚಾಪೆಲ್ ಹಿಲ್‌ಗೆ ಬಂದರು, 2015ರಲ್ಲಿ ನೊಬೆಲ್ ಪಡೆದರು. ತಿರಸ್ಕಾರದ ಪತ್ರ ಬಂದ ಮನೆಗಳಲ್ಲಿ ಈ ಕಥೆಯನ್ನು ಹೇಳುವುದುಂಟು. ಎಲ್ಲ ತಂತ್ರಜ್ಞರೂ ಸಂಜಾರ್ ಆಗುತ್ತಾರೆಂದು ನಾನು ಹೇಳಲಾರೆ. ಹುದ್ದೆಯ ಬಿರುದಿಗಿಂತ ಅಲ್ಲಿ ಮಾಡಗೊಡುವ ಕೆಲಸ ದೊಡ್ಡದು ಎಂಬಷ್ಟನ್ನು ಹೇಳಬಲ್ಲೆ.

ಕನ್ನಡಿಗರಲ್ಲಿಯೇ ಇಂತಹವರಿಲ್ಲವೆ ಎಂದು ನೀವು ಕೇಳಬಹುದು. ಬಿ.ಜಿ.ಎಲ್. ಸ್ವಾಮಿಯವರನ್ನು ನಾವು 'ಹಸುರು ಹೊನ್ನು' ಬರೆದ ಹಾಸ್ಯಪ್ರಿಯ ಲೇಖಕರೆಂದು ಬಲ್ಲೆವು. ಡಾಕ್ಟರೇಟ್ ಆದ ಮೇಲೆ ಅವರು ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಎಂಬ ಸಸ್ಯಶಾಸ್ತ್ರಜ್ಞರ ಬಳಿ ಕೆಲಸ ಮಾಡಿದರು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಇಂದಿನ ಲೆಕ್ಕದಲ್ಲಿ ಅದು ಪೋಸ್ಟ್‌ಡಾಕ್. ಹೂವಿನ ಅಂಡಕೋಶ ಆದಿಯಲ್ಲಿ ಮಡಿಸಿದ ಎಲೆಯಂತಿದ್ದಿರಬೇಕು ಎಂಬ ವಾದವನ್ನು ಬೈಲಿ ಮತ್ತು ಸ್ವಾಮಿ 1951ರಲ್ಲಿ ಜೊತೆಯಾಗಿ ಪ್ರಕಟಿಸಿದರು. ಸಸ್ಯವಿಕಾಸವನ್ನು ಓದುವವರು ಆ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ತಾಯ್ನಾಡಿಗೆ ಮರಳಿದ ಸ್ವಾಮಿ ತಾವು ವರ್ಣಿಸಿದ ಗಿಡವೊಂದಕ್ಕೆ ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಇಲ್ಲಿನ ಅನುಭವಗಳನ್ನು 'ಅಮೆರಿಕದಲ್ಲಿ ನಾನು' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಮನೆಯ ಕಪಾಟಿನಲ್ಲಿದ್ದರೆ ತೆಗೆದು ಓದಿ, ಹೊಸದಾಗಿ ಬಂದವರಿಗೂ ಕೊಡಿ.

ಉಡುಪಿಯ ಬಳಿಯ ಅದಮಾರಿನ ಯು.ಆರ್. ರಾವ್ ಅವರದು ಇನ್ನೊಂದು ದಾರಿ. ವಿಕ್ರಂ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದು ಎಂ.ಐ.ಟಿ.ಗೆ ಬಂದರು, ಅನಂತರ ಡಲ್ಲಾಸ್‌ನಲ್ಲಿ ಪ್ರಾಧ್ಯಾಪಕರಾದರು, 1966ರಲ್ಲಿ ಭಾರತಕ್ಕೆ ಮರಳಿದರು. ಅಮೆರಿಕದ ಅಂತರಿಕ್ಷ ನೌಕೆಗಳ ಮಾಹಿತಿಯ ಮೇಲೆ ಕೆಲಸ ಮಾಡಿ ಕಲಿತದ್ದನ್ನು ಅವರು ಬೆಂಗಳೂರಿನ ಪೀಣ್ಯದ ಷೆಡ್ಡುಗಳಿಗೆ ಒಯ್ದರು. 1975ರ ಏಪ್ರಿಲ್ 19ರಂದು 'ಆರ್ಯಭಟ' ಮೇಲೇರಿತು. ಇವರಿಬ್ಬರಿಗೂ ಸಮಾನವಾದ ಸಂಗತಿಯೆಂದರೆ, ಏನು ಕಲಿಯಬೇಕೆಂದು ತಿಳಿದು ಬಂದರು, ಕಲಿತಾಗ ಹೊರಟರು.

ಎಷ್ಟು ದಿನ ಇರಬೇಕೆಂಬುದು ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆ. ರಸಾಯನಶಾಸ್ತ್ರದಲ್ಲಿ ಒಂದೆರಡು ವರ್ಷ ಸಾಮಾನ್ಯ. ಗಣಿತದಲ್ಲಿ ಎರಡು ಮೂರು ವರ್ಷದ ನಿಗದಿತ ಹುದ್ದೆ. ಪಾಠ ಹೇಳುವ ಹೊಣೆಯೂ ಸೇರಿರುತ್ತದೆ, ಹಿಂದಿನ ಶರತ್ಕಾಲದಲ್ಲೇ ಅರ್ಜಿ ಹಾಕಬೇಕು. ಗಣಕವಿಜ್ಞಾನದಲ್ಲಿ ಅನೇಕರು ಪೋಸ್ಟ್‌ಡಾಕ್ ಮಾಡದೆ ನೇರವಾಗಿ ಕಂಪನಿಗೆ ಹೋಗುತ್ತಾರೆ. ಜೀವವಿಜ್ಞಾನದಲ್ಲಿ ನಾಲ್ಕೈದು ವರ್ಷ ಸಾಮಾನ್ಯವಾಗಿಬಿಟ್ಟಿದೆ. ಐದು ದಾಟಬಾರದೆಂದು ಬಹಳ ವಿಶ್ವವಿದ್ಯಾನಿಲಯಗಳು ಮಿತಿ ಹಾಕಿವೆ. ಮಿತಿ ಮುಗಿದಾಗ ಹುದ್ದೆಯ ಹೆಸರನ್ನು ಮಾತ್ರ ಬದಲಾಯಿಸಿ ಅದೇ ಮೇಜಿನಲ್ಲಿ ಅದೇ ಕೆಲಸಕ್ಕೆ ಕೂರಿಸುವುದೂ ಉಂಟು. ಅಂತಹ ಬಡ್ತಿಗೆ ಸಿಹಿ ಹಂಚುವ ಮುನ್ನ ಯೋಚಿಸಿ.

ಈಗ ನಮ್ಮ ಕುಟುಂಬಗಳಿಗೆ ಅತಿ ಹತ್ತಿರದ ವಿಷಯಕ್ಕೆ ಬರುತ್ತೇನೆ. ಒಂದೇ ಮನೆಯಲ್ಲಿ ಊರಿನಿಂದ ಬಂದ ಅಕ್ಕನ ಮಗನೂ ಇಲ್ಲಿಯೇ ಹುಟ್ಟಿದ ಮಗಳೂ ಇಬ್ಬರೂ ಪಿಎಚ್.ಡಿ. ಮುಗಿಸಿದರೆಂದು ಇಟ್ಟುಕೊಳ್ಳಿ. ಇಬ್ಬರ ಮುಂದಿರುವ ಬಾಗಿಲುಗಳು ಒಂದೇ ಅಲ್ಲ. ಎನ್.ಐ.ಎಚ್. ಕೊಡುವ ಎಫ್-32 ಎಂಬ ವೈಯಕ್ತಿಕ ಸಂಶೋಧನಾ ವೇತನ ನಾಗರಿಕರಿಗೂ ಹಸಿರು ಕಾರ್ಡ್ ಇದ್ದವರಿಗೂ ಮಾತ್ರ. ಗೇದರ್ಸ್‌ಬರ್ಗ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯ ಪೋಸ್ಟ್‌ಡಾಕ್ ಯೋಜನೆಗೆ ಅಮೆರಿಕದ ಪೌರತ್ವವೇ ಬೇಕು. ಮಗಳು ಇವುಗಳನ್ನು ಪ್ರಯತ್ನಿಸದೆ ಪ್ರಾಧ್ಯಾಪಕರ ಅನುದಾನದ ಸಂಬಳಕ್ಕೇ ತೃಪ್ತಳಾದರೆ ಕೈಗೆ ಬರಬಹುದಾದ ಸ್ವಾತಂತ್ರ್ಯವನ್ನು ಬಿಟ್ಟಂತೆ. ತನ್ನ ಹಣ ತಾನು ತಂದವಳಿಗೆ ವಿಷಯವನ್ನು ಆರಿಸಿಕೊಳ್ಳುವ ಅಧಿಕಾರ ಹೆಚ್ಚು. ಅಕ್ಕನ ಮಗನಿಗೆ ಆ ದಾರಿ ಇಲ್ಲ. ಆದರೆ ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಪ್ರಾಧ್ಯಾಪಕನಾಗುವವರೆಗೆ ಕೈಹಿಡಿಯಲು 2006ರಲ್ಲಿ ಪ್ರಕಟವಾದ ಕೆ-99 ಎಂಬ ಅನುದಾನಕ್ಕೆ ಪೌರತ್ವದ ನಿರ್ಬಂಧವಿರಲಿಲ್ಲ. ಪೋಸ್ಟ್‌ಡಾಕ್ ಆರಂಭಿಸಿದ ಮೊದಲ ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದು ಅದರ ನಿಯಮ. ಇದನ್ನು ತಿಳಿಯದೆ ಐದನೆಯ ವರ್ಷಕ್ಕೆ ಕಾಲಿಟ್ಟವರನ್ನು ನಾನು ಕಂಡಿದ್ದೇನೆ.

ವೀಸಾ ಕೂಡ ಸಂಬಳದಷ್ಟೇ ಮುಖ್ಯವಾದ ಷರತ್ತು. ಜೆ-1ರಲ್ಲಿ ಬಂದರೆ ಐದು ವರ್ಷದ ಮಿತಿ. ಜೊತೆಗೆ ಬಂದ ಪತ್ನಿ ಅಥವಾ ಪತಿ ಕೆಲಸದ ಪರವಾನಗಿ ಪಡೆಯಬಹುದು. ಎಚ್-1ಬಿ ಆದರೆ ವಿಶ್ವವಿದ್ಯಾನಿಲಯಗಳಿಗೆ ವಾರ್ಷಿಕ ಸಂಖ್ಯೆಯ ಮಿತಿ ಇಲ್ಲ, ಲಾಟರಿ ಇಲ್ಲ. ಆದರೆ ಅಲ್ಲಿಂದ ಕಂಪನಿಗೆ ಹೋಗಬೇಕೆಂದರೆ ಲಾಟರಿಗೆ ನಿಲ್ಲಬೇಕು. ಎಚ್-4ರಲ್ಲಿ ಬಂದ ಪತ್ನಿ, ಎಂ.ಎಸ್‌ಸಿ. ಮಾಡಿದವರಾಗಿದ್ದರೂ, ಮನೆಯಲ್ಲೇ ಕೂರಬೇಕಾಗುತ್ತದೆ. 2015ರ ನಿಯಮದಂತೆ ಗಂಡನ ಹಸಿರು ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬಂದವರಿಗೆ ಮಾತ್ರ ಪರವಾನಗಿ. ಆದ್ದರಿಂದ ಯಾವ ವೀಸಾ ಎಂಬ ಪ್ರಶ್ನೆಯನ್ನು ಗಂಡನೊಬ್ಬನೇ ನಿರ್ಧರಿಸತಕ್ಕದ್ದಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳ ಐದಾರು ವರ್ಷ ಈ ಒಂದು ಅಕ್ಷರದಲ್ಲಿ ಕಳೆದುಹೋಗಿದೆ.

ಜೆ-1ರವರನ್ನು ಕಾಡುತ್ತಿದ್ದ ಇನ್ನೊಂದು ಭಯ, ಎರಡು ವರ್ಷ ತಾಯ್ನಾಡಿನಲ್ಲಿ ಕಳೆಯಲೇಬೇಕೆಂಬ ನಿಯಮ. ಅದು ಅನ್ವಯಿಸುವ ಕಾರಣಗಳಲ್ಲಿ ಒಂದು 'ಕೌಶಲಗಳ ಪಟ್ಟಿ'. 2024ರ ಡಿಸೆಂಬರ್‌ನಲ್ಲಿ ಭಾರತವನ್ನು ಆ ಪಟ್ಟಿಯಿಂದ ತೆಗೆದರು. ಸರ್ಕಾರದ ಹಣದಿಂದ ವಿನಿಮಯ ಯೋಜನೆಯಲ್ಲಿ ಬಂದವರಿಗೆ ಮತ್ತು ವೈದ್ಯಕೀಯ ತರಬೇತಿಗೆ ಬಂದವರಿಗೆ ನಿಯಮ ಉಳಿದಿದೆ. ಎಚ್-1ಬಿ ಕಡೆಯಲ್ಲಿ ಹವೆ ಬಿರುಸಾಯಿತು: 2025ರ ಸೆಪ್ಟೆಂಬರ್‌ನ ಘೋಷಣೆಯೊಂದು ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ವಿಧಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರದ ಹಣ ನಿಂತದ್ದರಿಂದ ಜಾನ್ಸ್ ಹಾಪ್ಕಿನ್ಸ್ 2,000ಕ್ಕೂ ಹೆಚ್ಚು ಹುದ್ದೆಗಳನ್ನು ರದ್ದುಪಡಿಸಿತು. ಅವುಗಳಲ್ಲಿ ಬಹುಪಾಲು ಹೊರದೇಶಗಳಲ್ಲಿದ್ದವು ನಿಜ, ಆದರೆ ಅನುದಾನವನ್ನು ನಂಬಿದ ಹುದ್ದೆ ಎಷ್ಟು ಬೇಗ ಕರಗಬಲ್ಲುದೆಂಬುದು ಎಲ್ಲರಿಗೂ ಕಂಡಿತು. ನೆಂಟರ ಮಾತನ್ನೋ ನನ್ನ ಮಾತನ್ನೋ ನಂಬಿ ಟಿಕೆಟ್ಟು ತೆಗೆಯಬೇಡಿ. ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಕೊನೆಯದಾಗಿ ಅರ್ಜಿ. ಪ್ರಕಟವಾಗುವ ಹುದ್ದೆಗಳಷ್ಟೇ ಹುದ್ದೆಗಳಲ್ಲ. ಎಷ್ಟೋ ನೇಮಕಗಳು ಪ್ರಾಧ್ಯಾಪಕರಿಗೆ ಬರೆದ ಒಂದು ಒಳ್ಳೆಯ ಪತ್ರದಿಂದ ಆಗುತ್ತವೆ. ಊರಿನಿಂದ ಬರುವ ಪತ್ರಗಳಲ್ಲಿ ನೂರು ಮಂದಿಗೆ ಒಂದೇ ಒಕ್ಕಣೆ, ಮೊದಲ ಪ್ಯಾರಾ ಪೂರ್ತಿ ಪ್ರಾಧ್ಯಾಪಕರ ಸ್ತುತಿ. ಅವರ ಇತ್ತೀಚಿನ ಪ್ರಬಂಧವೊಂದನ್ನು ಓದಿ, ಅದರಲ್ಲಿ ಬಿಟ್ಟುಹೋದ ಪ್ರಶ್ನೆ ಯಾವುದು, ಅದಕ್ಕೆ ತನಗೆ ತಿಳಿದ ಯಾವ ವಿದ್ಯೆ ಒದಗೀತು ಎಂದು ಹತ್ತು ಸಾಲಿನಲ್ಲಿ ಬರೆದ ಪತ್ರವೇ ಓದಿಸಿಕೊಳ್ಳುತ್ತದೆ. ಶಿಫಾರಸು ಪತ್ರಗಳು ಮೂರು ಬೇಕು. ನಮ್ಮ ಗುರುಗಳಲ್ಲಿ ಕೆಲವರು "ಈತ ಪ್ರಾಮಾಣಿಕ, ಶ್ರಮಜೀವಿ, ಸನ್ನಡತೆಯವನು" ಎಂದು ಎರಡು ಸಾಲು ಬರೆದು ಮುದ್ರೆ ಒತ್ತುತ್ತಾರೆ. ಅದು ಅವರ ಪ್ರೀತಿ. ಇಲ್ಲಿ ಓದುವವರಿಗೆ ಅದು ಬೇರೇನೂ ಹೇಳಲು ಇಲ್ಲವೆಂಬಂತೆ ಕಾಣುತ್ತದೆ. ಮಾಡಿದ ಕೆಲಸದ ವಿವರವನ್ನು ಒಂದು ಪುಟದಲ್ಲಿ ಬರೆದು ಗುರುಗಳ ಮುಂದಿಟ್ಟು ವಿನಯದಿಂದ ಕೇಳಿಕೊಳ್ಳಬೇಕು.

ಹುದ್ದೆ ಸಿಕ್ಕ ಮೇಲೂ ಒಪ್ಪಿಗೆ ಬರೆಯುವ ಮುನ್ನ ಒಂದು ಕೆಲಸ ಉಳಿದಿರುತ್ತದೆ: ಆ ಪ್ರಯೋಗಶಾಲೆಯಿಂದ ಹಿಂದೆ ಹೊರಬಿದ್ದವರು ಎಲ್ಲಿದ್ದಾರೆ, ಹೊರಬೀಳಲು ಎಷ್ಟು ವರ್ಷ ಬೇಕಾಯಿತು ಎಂದು ವಿಚಾರಿಸುವುದು. ಈಗ ಅಲ್ಲಿರುವವರೊಡನೆ ಪ್ರಾಧ್ಯಾಪಕರು ಇಲ್ಲದಾಗ ಮಾತಾಡಬೇಕು. ಇಲ್ಲಿ ನಮ್ಮ ಕೂಟಗಳು ಉಪಯೋಗಕ್ಕೆ ಬರುತ್ತವೆ. ರಾಕ್‌ವಿಲ್‌ನಲ್ಲೋ ಡಿಕೇಟರ್‌ನಲ್ಲೋ ಕೇರಿಯಲ್ಲೋ ಇರುವ ಒಂದು ಕನ್ನಡ ಮನೆಗೆ ಆ ವಿಭಾಗದಲ್ಲಿ ಯಾರೋ ಒಬ್ಬರ ಪರಿಚಯ ಇದ್ದೇ ಇರುತ್ತದೆ. ಹೊಸಬರನ್ನು ವಿಮಾನ ನಿಲ್ದಾಣದಿಂದ ಕರೆತಂದು ಅನ್ನ ಸಾರು ಬಡಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅವರು ಹೊರಡುವ ಮೊದಲೇ ಈ ಒಂದು ವಿಚಾರಣೆಯನ್ನೂ ಮಾಡಿಕೊಡಬಹುದು.

ಹಿಂದಿನ ಸಾಲಿನಲ್ಲಿ ಕುಳಿತಿರುವ ತರುಣ ತರುಣಿಯರು ಕಾಗದದಲ್ಲಿ ಏನೇನೋ ಬರೆದುಕೊಂಡಿರುವುದು ಕಾಣುತ್ತಿದೆ. ಉಳಿದ ಸಮಯವನ್ನು ಅವರ ಪ್ರಶ್ನೆಗಳಿಗೆ ಬಿಡುತ್ತೇನೆ.